ಅಪ್ಪ ಹೋಗಿ ಕೂರುತ್ತಿದ್ದ ಮನೆ

ಅಪ್ಪ ತೀರಿಕೊಂಡು ತಿಂಗಳಾಗಿತ್ತು. ಆ ಸಂಜೆ ಮಾಜಿ ಸೈನಿಕರ ಸಂಘದಲ್ಲಿ ಅವರ ನೆನಪಿನ ಸಭೆ; ಮಗಳು ಮಾತಾಡಬೇಕಿತ್ತು. ಬೆಳಗಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಅಪ್ಪನ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದಳು, ಮಡಚಿದಳು, ಮತ್ತೆ ಬಿಡಿಸಿದಳು.

“ಆ ಇಸ್ತ್ರಿ ಪೆಟ್ಟಿಗೆಗಾದ್ರೂ ಸ್ವಲ್ಪ ಉಸಿರಾಡೋಕೆ ಬಿಡೇ,” ಎಂದರು ಅಮ್ಮ.

ಸೈನ್ಯದಲ್ಲಿ ಅಪ್ಪನದು ನೆಲಬಾಂಬ್ ತೆಗೆಯುವ ಕೆಲಸ. ನಿವೃತ್ತರಾದ ಮೇಲೂ ಅವರು ಬೀದಿಯಲ್ಲಿ ತಲೆ ತಗ್ಗಿಸಿಯೇ ನಡೆಯುತ್ತಿದ್ದರು. “ಏನ್ ಸಾರ್, ಚಿನ್ನ ಬಿದ್ದಿದೆಯಾ?” ಎಂದು ಪಕ್ಕದ ಮನೆಯ ದರ್ಜಿ ರೇಗಿಸುತ್ತಿದ್ದ. ಅವರ ಕೈಯಲ್ಲಿ ಒಂದು ಬಾಂಬೂ ತಪ್ಪಿಲ್ಲ ಎನ್ನುವುದು ಸಂಘದವರ ಹೆಮ್ಮೆ. ಮಗಳು ಭಾಷಣಕ್ಕೆ ಆರಿಸಿಕೊಂಡಿದ್ದೂ ಅದೇ ಮಾತು.

ಮಧ್ಯಾಹ್ನ ಊರುಗೋಲು ಹಿಡಿದ ಮುದುಕರೊಬ್ಬರು ಬಾಗಿಲಲ್ಲಿ ನಿಂತರು. ಒಂದು ಕಾಲು ಮಂಡಿಯಿಂದ ಕೆಳಗೆ ಇರಲಿಲ್ಲ. ಅಮ್ಮ ನೋಡಿದವರೇ ಕುರ್ಚಿ ಎಳೆದು ಕೊಟ್ಟರು. ಯಾರೆಂದು ಅವರಿಗೆ ಹೇಳಬೇಕಾಗಲಿಲ್ಲ.

“ದಾರಿ ಸಾಫಾಗಿದೆ, ಬನ್ನಿ ಅಂದಿದ್ರು ನಿಮ್ಮಪ್ಪ,” ಎಂದರು ಮುದುಕರು ಮಗಳಿಗೆ. “ನಂಬಿ ಕಾಲಿಟ್ಟೆ. ಒಂದು ಉಳಿದಿತ್ತು.”

ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ತಲೆಯಾಡಿಸಿದರು. “ವರ್ಷಕ್ಕೊಮ್ಮೆ ಸ್ನೇಹಿತನ ಮನೆಗೆ ಅಂತ ಹೋಗ್ತಿದ್ರಲ್ಲ, ಇವರ ಮನೆಗೇ. ವಾಪಸ್ ಬಂದ ದಿನ ಊಟ ಮುಟ್ಟುತ್ತಿರಲಿಲ್ಲ.”

“ನಾನು ಬಾಗಿಲೇ ತೆಗೀತಿರಲಿಲ್ಲ,” ಎಂದರು ಮುದುಕರು. “ ಜಗಲಿ ಮೇಲೆ ಕೂತು ಕೂತು ಎದ್ದು ಹೋಗೋರು. ಈ ಸಲ ತೆಗೀಬೇಕು ಅಂತ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ. ಬರ್ಲೇ ಇಲ್ಲ. ಕಾಯಿಸ್ತಾರಲ್ಲ ಅಂತ ಸಿಟ್ಟೂ ಬಂತು ಕಣಮ್ಮ, ನೋಡು!”

“ಒಂದೇ ಒಂದು ಸಲ ತೆಗೆದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?” ಮಗಳು ಹರಿಹಾಯ್ದಳು. ಮರುಕ್ಷಣ ಅವರ ಖಾಲಿ ಪ್ಯಾಂಟಿನ ಮಡಿಕೆ ಕಣ್ಣಿಗೆ ಬಿದ್ದು ನಾಲಿಗೆ ಕಚ್ಚಿಕೊಂಡಳು. ಎದ್ದು ಅಡುಗೆಮನೆಗೆ ಹೋದಳು. ಯಾಕೆ ಬಂದೆನೆಂದು ತಿಳಿಯದೆ ವಾಪಸಾದಳು.

“ಸಭೇಲಿ ನನ್ನ ವಿಷಯ ಎತ್ತಬೇಡ,” ಎಂದರು ಮುದುಕರು. “ಸತ್ತೋರ ಹೆಸರು ಕೆಡಿಸೋಕೆ ಬಂದಿಲ್ಲ.”

“ಹೇಳು,” ಎಂದರು ಅಮ್ಮ. “ನಾಲ್ಕು ಜನರ ಮುಂದೆ ನಿಮ್ಮಪ್ಪನ ಬಾಯಲ್ಲಿ ಕೊನೇವರೆಗೂ ಆ ಮಾತು ಬರ್ಲಿಲ್ಲ.”

ಸಂಜೆ ಮೈಕು ಹಿಡಿದು ಮಗಳು ಹೇಳಿದಳು. ಅಪ್ಪನ ಕೈ ಒಂದು ಸಲ ತಪ್ಪಿತ್ತು ಎಂದಳು. ಮುಚ್ಚಿದ ಬಾಗಿಲಿನ ಮುಂದೆ ವರ್ಷವರ್ಷವೂ ಹೋಗಿ ಕೂತದ್ದನ್ನು ಹೇಳಿದಳು. ಸಭೆಯಲ್ಲಿ ಗುಸುಗುಸು ಎದ್ದಿತು. ಯಾರೋ ಕುರ್ಚಿ ಸರಿಸಿ ಹೊರಟೇ ಹೋದರು. ಅಧ್ಯಕ್ಷರು ಸುಮ್ಮನೆ ಕೆಮ್ಮಿದರು.

ಆಗ ಅಮ್ಮನ ಪಕ್ಕ ಕೂತಿದ್ದ ಮುದುಕರು ಊರುಗೋಲು ಊರಿ ಎದ್ದರು. “ಅರ್ಧ ಹೇಳಿ ನಿಲ್ಲಿಸಬೇಡಮ್ಮ,” ಎಂದು ಗದರಿದರು. “ನನ್ನನ್ನ ಹೆಗಲ ಮೇಲೆ ಹಾಕ್ಕೊಂಡು ಅಲ್ಲಿಂದ ಹೊರಗೆ ತಂದೋರು ಯಾರು? ಬೇರೆ ಒಬ್ಬರೂ ಹತ್ತಿರ ಬರೋ ಧೈರ್ಯ ಮಾಡ್ಲಿಲ್ಲ. ಅದನ್ನೂ ಹೇಳು.”

ಅದು ಅವಳಿಗೆ ಗೊತ್ತೇ ಇರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲವೆಂದು ಅವರ ಮುಖವೇ ಹೇಳುತ್ತಿತ್ತು. ಮೈಕು ಕೆಳಗಿಟ್ಟು ಮಗಳು ವೇದಿಕೆ ಇಳಿದು ಬಂದು ಮುದುಕರ ಪಕ್ಕ ಕೂತಳು.