ಕೆನ್ನೆ ಹಿಡಿದ ಕನ್ನಡಿ

ನಾನು ಹಲ್ಲಿನ ಡಾಕ್ಟರ ಬಾಯಿಗನ್ನಡಿ. ಎಂಟಾಣೆಯಗಲದ ಮುಖ, ಗೇಣುದ್ದದ ಉಕ್ಕಿನ ಹಿಡಿ. ಕಾರ್ಖಾನೆಯವರು ನನ್ನನ್ನು ಮಾಡಿದ್ದು ಮುಖ್ಯವಾಗಿ ಒಂದು ಕೆಲಸಕ್ಕೆ: ಮೇಲಿನ ದವಡೆಯ ಹಲ್ಲು ನನ್ನೊಳಗೆ ಕಾಣಬೇಕು, ಡಾಕ್ಟರ ಕುತ್ತಿಗೆ ನೆಟ್ಟಗಿರಬೇಕು.

ರಾಣೆಬೆನ್ನೂರಿನ ಗುರುಶಾಂತ ಡಾಕ್ಟರು ದವಾಖಾನೆ ತೆರೆದಾಗ ನನ್ನನ್ನು ಕೊಂಡರು. ಮೊದಲ ವಾರ ನನ್ನೊಳಗೆ ನೋಡುತ್ತಲೇ ಹಲ್ಲು ಕೊರೆಯಲು ಹೋದರು. ಕನ್ನಡಿಯಲ್ಲಿ ಎಲ್ಲ ತಿರುವುಮುರುವು ತಾನೆ? ಅತ್ತ ಹೋಗಬೇಕಾದ ಕೈ ಇತ್ತ ಬಂದು ರೋಗಿಯ ಒಸಡಿಗೆ ತಾಗಿತು. ಆತ ಚೀರಿದ. ನಾಲ್ಕು ತಿಂಗಳು ಅಭ್ಯಾಸ ಮಾಡಿದ್ದರೆ ಕೈ ಪಳಗುತ್ತಿತ್ತು. ಎಲ್ಲಿಯ ಅಭ್ಯಾಸ! ಅಂದಿನಿಂದ ನನಗೆ ಕೆನ್ನೆ ಸರಿಸಿ ಹಿಡಿಯುವುದೇ ಕೆಲಸ. ಆ ಕೆಲಸವನ್ನು ಚಮಚವೂ ಮಾಡುತ್ತದೆ. ಅವರು ಮಾತ್ರ ಕುತ್ತಿಗೆ ತಿರುಚಿ ಬಾಯೊಳಗೆ ಇಣುಕತೊಡಗಿದರು.

ಜನ ಅದನ್ನೂ ಹೊಗಳಿದರು. "ಎಷ್ಟ್ ಬಗ್ಗಿ ನೋಡ್ತಾರ ನೋಡ್ರಿ, ಭಾಳ ಕಾಳಜಿ ಡಾಕ್ಟ್ರಿಗೆ!" ಅದನ್ನು ಕೇಳಿ ಅವರು ಇನ್ನೂ ಎರಡು ಬೆರಳು ಬಗ್ಗಿದರು. ಸಹಾಯಕಿ ನೀಲವ್ವನಿಗೆ ತಡೆಯಲಾಗಲಿಲ್ಲ.

"ಅಲ್ರೀ ಸಾಹೇಬ್ರ, ಕನ್ನಡಿ ಕೈಯಾಗ ಹಿಡಕೊಂಡು ಕೊಕ್ಕರಿ ಗತೆ ಕುತ್ತಿಗಿ ಚಾಚ್ತೀರಲ್ರಿ!"

"ಅಂಗೈ ಹುಣ್ಣಿಗೆ ಕನ್ನಡಿ ಯಾಕ ಬೇಕು ನೀಲವ್ವ? ನನಗೇನ್ ಆಗೂದಿಲ್ಲ ಬಿಡು."

ಏನೂ ಆಗುವುದಿಲ್ಲವಂತೆ! ಹದಿನೆಂಟು ವರ್ಷ ಹಾಗೇ ನಡೆಯಿತು. ನನ್ನ ಗಾಜು ಮಸುಕಾದಾಗಲೆಲ್ಲ ತಿರುಪು ಬಿಚ್ಚಿ ಹೊಸ ತಲೆ ಹಾಕಿದರು. ಅವರ ಕುತ್ತಿಗೆಗೆ ಅಂಥ ತಿರುಪು ಇರಲಿಲ್ಲ. ಮೊದಲು ಮುಲಾಮು ಬಂತು, ಆಮೇಲೆ ಮಾತ್ರೆ, ಆಮೇಲೆ ಎಡಗೈಗೆ ಜೋಮು. ಒಂದು ಮಧ್ಯಾಹ್ನ ಶಾಲೆಯ ಟೀಚರೊಬ್ಬರ ಹಲ್ಲು ನೋಡುತ್ತಿದ್ದಾಗ ನಾನು ಡಾಕ್ಟರ ಕೈಯಿಂದ ಜಾರಿ ನೆಲಕ್ಕೆ ಬಿದ್ದೆ. ಬಿದ್ದದ್ದೇ ಅವರಿಗೆ ಗೊತ್ತಾಗಲಿಲ್ಲ. ಖಾಲಿ ಬೆರಳುಗಳು ನನ್ನನ್ನು ಹಿಡಿದಂತೆಯೇ ಇದ್ದವು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ದೊಡ್ಡಾಸ್ಪತ್ರೆಯವರು ಅವರ ಕುತ್ತಿಗೆಯ ಮೂಳೆಗಳನ್ನು ಆಪರೇಷನ್ ಮಾಡಿ ಕೂಡಿಸಿದರು. ಆ ಕೈ ಇನ್ನು ಹಲ್ಲಿನ ಕೆಲಸಕ್ಕೆ ಬರುವುದಿಲ್ಲವೆಂದರು. ದವಾಖಾನೆಗೆ ಬೀಗ ಬಿತ್ತು. ಡಾಕ್ಟರು ಉಳಿದದ್ದನ್ನೆಲ್ಲ ಅಲ್ಲೇ ಬಿಟ್ಟು ನನ್ನೊಬ್ಬನನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದರು.

ಈಗ ಅವರ ತಲೆ ಕೆಳಗೆ ಬಗ್ಗುವುದಿಲ್ಲ. ಬೆಳಿಗ್ಗೆ ಅಂಗಿಯ ಗುಂಡಿ ಕಾಣಲೆಂದು ಎಡಗೈಯಲ್ಲಿ ನನ್ನನ್ನು ಹೇಗೋ ಹಿಡಿದು, ಬಲಗೈಯಿಂದ ತಡಕುತ್ತಾರೆ. ಮೊದಮೊದಲು ಕೈ ಅತ್ತ ಹೋಗುವ ಬದಲು ಇತ್ತ ಬರುತ್ತಿತ್ತು. ಹಟ ಬಿಡಲಿಲ್ಲ, ದಿನವೂ ಬೆನ್ನು ನೆಟ್ಟಗೆ ಮಾಡಿ, ನನ್ನೊಳಗೇ ನೋಡಿ ಹಾಕಿದರು. ಇವತ್ತು ಆರೂ ಗುಂಡಿಗಳನ್ನು ಒಂದೇ ಸಲಕ್ಕೆ ಹಾಕಿಕೊಂಡರು.

ಸರಿಯಾಗಿ ನಾಲ್ಕು ತಿಂಗಳು ಹಿಡಿಯಿತು.