ಮುಕುಂದಯ್ಯನವರ ಕಾರಿನ ಚೈನು

ಸಾಗರದ ಮೆಕ್ಯಾನಿಕ್ ಜಟ್ಟಿಂಗಪ್ಪನಿಗೆ ಹೊಲಸು ಹೊಸದೇನಲ್ಲ. ಇಪ್ಪತ್ತೆರಡು ವರ್ಷ ಲಾರಿ ಬಸ್ಸುಗಳ ಹೊಟ್ಟೆಯಡಿ ಅಂಗಾತ ಮಲಗಿ ಬದುಕಿದವನು. ಗ್ರೀಸು ಮೆತ್ತಿದ ಬೆರಳಲ್ಲೇ ಬೀಡಿ ಹಿಡಿಯುತ್ತಿದ್ದ, ಸೀಮೆಎಣ್ಣೆಯಲ್ಲಿ ಕೈ ತೊಳೆದು ಅದೇ ಕೈಯಲ್ಲಿ ಉಣ್ಣುತ್ತಿದ್ದ. ಅಂಥವನು ಮುಕುಂದಯ್ಯನವರ ಕಾರಿನ ಎಂಜಿನ್ನಿನ ಮುಂದಿನ ಮುಚ್ಚಳ ಕಳಚಿದ್ದೇ ತಡ, ಹೆಗಲ ಮೇಲಿನ ಟವೆಲನ್ನು ಮೂಗಿಗೆ ಒತ್ತಿಕೊಂಡು ನಾಲ್ಕು ಹೆಜ್ಜೆ ಹಿಂದೆ ಬಂದ.

“ಥೂ ಇದರ! ಒಳಗೆಂತ ಹೆಗ್ಗಣ ಸತ್ತು ಕೊಳ್ತದ್ಯಾ?”

ಪಕ್ಕದಲ್ಲಿ ನಿಂತಿದ್ದ ಡ್ರೈವರ್ ಶ್ಯಾಮನಿಗೂ ವಾಸನೆ ಹೊಡೆಯಿತು. ಆದರೂ ಅವನು ಹಿಂದೆ ಸರಿಯಲಿಲ್ಲ. ಆ ಮುಚ್ಚಳದ ಒಳಗೆ ಏನು ಸಿಗುತ್ತದೆ ಎನ್ನುವುದರ ಮೇಲೆ ಅವನ ಹೊಟ್ಟೆಪಾಡು ನಿಂತಿತ್ತು.

ಕಾರೇನೋ ಚೆಲುವೆಯೇ. ಇಂಗ್ಲೆಂಡಿನಲ್ಲಿ ಓಟಕ್ಕೆಂದು ಮಾಡಿದ್ದು, ಎರಡೇ ಸೀಟು, ಉದ್ದನೆಯ ಮೂತಿ, ಮಡಚುವ ಬಟ್ಟೆಯ ಮಾಡು. ಹದಿನಾಲ್ಕು ವರ್ಷ ಹಳೆಯದಾದರೂ ನಿಂತಲ್ಲೇ ಓಡುವ ಹಾಗೆ ಕಾಣುತ್ತಿತ್ತು. ಕಾಫಿ ತೋಟದ ದೊರೆಯೊಬ್ಬ ದೇಶ ಬಿಟ್ಟು ಹೋಗುವಾಗ ತೀರ್ಥಹಳ್ಳಿ ಕಡೆಯ ಜಮೀನ್ದಾರ ಮುಕುಂದಯ್ಯ ಅದನ್ನು ಕೊಂಡಿದ್ದರು. ಅವರಿಗೆ ಕಾರು ಓಡಿಸಲು ಬಾರದು, ಕಲಿಯುವ ಮನಸ್ಸೂ ಇಲ್ಲ. ಶಲ್ಯ ಹೊದ್ದು ಪಕ್ಕದಲ್ಲಿ ಕೂತು, ನೋಡುವವರು ನೋಡುತ್ತಾರೋ ಇಲ್ಲವೋ ಎಂದು ನೋಡುವುದಷ್ಟೇ ಅವರ ಕೆಲಸ. ಗಂಟೆಗೆ ನೂರು ಮೈಲಿ ಹಾರಬೇಕಾದ ಗಾಡಿ ನಾಲ್ಕು ವರ್ಷದಿಂದ ಹೊಸನಗರದ ರಸ್ತೆಯಲ್ಲಿ ಎತ್ತಿನಗಾಡಿಗಳ ಹಿಂದೆ ತೆವಳುತ್ತಿತ್ತು. ಜಟ್ಟಿಂಗಪ್ಪನಿಗೆ ಅದನ್ನು ನೆನೆದರೇ ಮೈಯುರಿ.

ಎರಡು ತಿಂಗಳ ಹಿಂದೆ, ನಗರ ಎಂಬ ಊರಿನ ಕೋಟೆ ದಾಟಿ ಬರುವಾಗ ಎಂಜಿನ್ನಿನ ಒಳಗೆ ಸದ್ದು ಶುರುವಾಗಿತ್ತು. ಡಬ್ಬಿಯಲ್ಲಿ ಮೊಳೆ ಹಾಕಿ ಕುಲುಕಿದ ಹಾಗೆ. ಹೊಸನಗರ ಮುಟ್ಟುವಷ್ಟರಲ್ಲಿ ಅಂಗಡಿಯವರು ಎದ್ದು ನಿಂತು ನೋಡತೊಡಗಿದರು. ಮುಕುಂದಯ್ಯನವರಿಗೆ ಜನ ನೋಡುವುದು ಇಷ್ಟ, ಹಾಗೆ ನೋಡುವುದಲ್ಲ. ಅಲ್ಲೇ ನಡುರಸ್ತೆಯಲ್ಲಿ ತೀರ್ಪು ಕೊಟ್ಟುಬಿಟ್ಟರು: ಶ್ಯಾಮ ಒಳ್ಳೆಯ ಆಯಿಲ್ ಮಾರಿಕೊಂಡು ಎಂಥದೋ ಕೊಳಕೆಣ್ಣೆ ಸುರಿದಿದ್ದಾನೆ. ಅದನ್ನೇ ಪೋಸ್ಟಾಫೀಸಿನಲ್ಲಿ ಹೇಳಿದರು, ದೇವಸ್ಥಾನದ ಜಗುಲಿಯಲ್ಲಿ ಹೇಳಿದರು, ಕ್ಷೌರಕ್ಕೆ ಕೂತಲ್ಲೂ ಹೇಳಿದರು. ಕಾರನ್ನು ಲಾರಿಗೆ ಕಟ್ಟಿ ಎಳೆಸಿ ಸಾಗರಕ್ಕೆ ಕಳಿಸಿ, ಶ್ಯಾಮನನ್ನು ಕೆಲಸದಿಂದ ಬಿಡಿಸಿದರು.

ಆಗ ಅರವತ್ತಮೂರನೇ ಇಸವಿ. ಲಿಂಗನಮಕ್ಕಿಯಲ್ಲಿ ಅಣೆಕಟ್ಟಿನ ಕೆಲಸ ಭರದಿಂದ ನಡೆದಿತ್ತು, ಲಾರಿ ಡ್ರೈವರುಗಳು ಬೇಕಾಗಿದ್ದರು. ಶ್ಯಾಮನಿಗೆ ಅಲ್ಲಿ ಕೆಲಸ ಸಿಕ್ಕಂತೆಯೇ ಇತ್ತು. ಆದರೆ ಹಿಂದಿನ ಯಜಮಾನರಿಂದ ಒಳ್ಳೆಯ ನಡತೆಯ ಕಾಗದ ತರಬೇಕು ಎಂದಿದ್ದರು. ಕೇಳಲು ಹೋದರೆ ಮುಕುಂದಯ್ಯ ಜಗುಲಿಯ ಮೇಲಿಂದಲೇ, “ಕಳ್ಳನಿಗೆ ಕಾಗದ ಕೊಡದಾ?” ಎಂದು ನಕ್ಕರಂತೆ. ಮೂವತ್ತೆರಡು ವರ್ಷದ, ಹೆಂಡತಿ ಇಬ್ಬರು ಮಕ್ಕಳಿರುವ ಗಂಡಸು ಆ ನಗೆ ಹೊತ್ತುಕೊಂಡು ಸಾಗರಕ್ಕೆ ಬಂದಿದ್ದ.

ಜಟ್ಟಿಂಗಪ್ಪ ಮೂಗು ಬಿಗಿಹಿಡಿದು ಮತ್ತೆ ಬಗ್ಗಿದ. ಎಂಜಿನ್ನಿನ ಕೆಳಗಿನ ದಂಡ ತಿರುಗುವುದಕ್ಕೂ ಮೇಲಿನ ವಾಲ್ವುಗಳು ಏಳುವುದಕ್ಕೂ ತಾಳ ತಪ್ಪದಂತೆ ಹಿಡಿದಿಡುವುದು ಟೈಮಿಂಗ್ ಚೈನು. ಈ ಕಾರಿಗೆ ಅಂಥವು ಎರಡು, ಕೆಳಗೊಂದು ಗಿಡ್ಡ, ಮೇಲೊಂದು ಉದ್ದ. ಎರಡೂ ಕರಿಯ ಅಂಟಿನಲ್ಲಿ ಹೂತು ಹೋಗಿದ್ದವು. ಬೆರಳಿನಲ್ಲಿ ಕೆರೆದರೆ ಎಳೆ ಎಳೆಯಾಗಿ ಬಂತು. ಸುಟ್ಟ ಬೆಲ್ಲ, ಹುಳಿತ ಮೊಸರು, ಕಮಟು ತುಪ್ಪ ಎಲ್ಲ ಕಲಸಿ ವರ್ಷಗಟ್ಟಲೆ ಬೇಯಿಸಿಟ್ಟ ವಾಸನೆ. ಬಿಚ್ಚಿದ ಚೈನನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅಡ್ಡಲಾಗಿ ಹಿಡಿದ. ಗಟ್ಟಿ ಚೈನು ಕೈಯಲ್ಲಿ ಸೆಟೆದು ನಿಲ್ಲಬೇಕು. ಇದು ಒದ್ದೆ ಹಗ್ಗದ ಹಾಗೆ ಜೋತುಬಿತ್ತು.

“ನಿಜ ಹೇಳು ಶ್ಯಾಮ. ಇದರ ಹೊಟ್ಟೆಗೆ ಎಂತ ಹಾಕಿದ್ದೆ? ಹೋಟೆಲಿನ ಬಜ್ಜಿ ಎಣ್ಣೆಯಾ?”

“ಮಕ್ಕಳಾಣೆ ಜಟ್ಟಿಂಗಪ್ಪಣ್ಣ, ಡಬ್ಬಿ ಒಡೆದು ಹೊಸ ಆಯಿಲೇ ಹಾಕಿದೀನಿ. ಬದಲು ಮಾಡುವಾಗೆಲ್ಲ ಬಿಳೀ ನೊರೆ ಬರ್ತಿತ್ತು. ಅಯ್ಯನಿಗೆ ಹೇಳಿದ್ರೆ ನನ್ನೇ ಬೈದ್ರು.”

ಜಟ್ಟಿಂಗಪ್ಪ ನಂಬಲಿಲ್ಲ. ಎಣ್ಣೆ ಕದಿಯುವ ಡ್ರೈವರುಗಳನ್ನು ಅವನು ಬೇಕಾದಷ್ಟು ನೋಡಿದ್ದ, ಅಂಥವರನ್ನು ಕಂಡರೆ ಅವನಿಗೆ ಉಗಿಯುವಷ್ಟು ಅಸಹ್ಯ. ಮುಖ ಸಿಂಡರಿಸಿಕೊಂಡೇ ಕಾರಿನ ಅಡಿಗೆ ನುಗ್ಗಿ ಆಯಿಲ್ ತೊಟ್ಟಿ ಬಿಚ್ಚಿದ. ಬೊಗಸೆಗಟ್ಟಲೆ ಕರಿ ರಾಡಿ ತಟ್ಟೆಗೆ ಬಿತ್ತು. ಒಂದಿಷ್ಟು ಅವನ ಕತ್ತಿಗೂ ಬಿತ್ತು. ಹಲ್ಲು ಕಚ್ಚಿಕೊಂಡು ಒಳಗಿನ ಜಾಲರಿಯನ್ನು ಬೆಳಕಿಗೆ ಹಿಡಿದ. ಜಾಲರಿಯ ಕಣ್ಣುಗಳಲ್ಲಿ ಏಲಕ್ಕಿ ಸಿಪ್ಪೆ ಸಿಕ್ಕಿಕೊಂಡಿತ್ತು. ಪಕ್ಕದಲ್ಲಿ ತುಳಸಿಯ ಕಡ್ಡಿ. ಒಂದಲ್ಲ, ಹತ್ತಾರು.

ಅವನು ಒಂದು ಕಡ್ಡಿ ಕಿತ್ತು, ಉಜ್ಜಿ ಮೂಸಿ ನೋಡಿದ. ಬಜ್ಜಿ ಎಣ್ಣೆಯಲ್ಲಿ ತುಳಸಿ ಇರುವುದಿಲ್ಲ.

“ಬಾನೆಟ್ ನೀನಲ್ದೆ ಬೇರೆ ಯಾರು ಮುಟ್ತಾರೆ?”

“ಯಾರೂ ಇಲ್ಲ. ಸೋಮವಾರ ಮಾತ್ರ ಯಮುನಮ್ಮ, ಅಯ್ಯನ ತಾಯಿ, ಕಾರಿಗೆ ಪೂಜೆ ಮಾಡ್ತಾರೆ. ಎಂಜಿನ್ನಿಗೆ ಕುಂಕುಮ ಹಚ್ಬೇಕು ಅಂತಾರೆ. ನಾನು ಬಾನೆಟ್ ತೆಗೆದಿಟ್ಟು ಊಟಕ್ಕೆ ಹೋಗ್ತೀನಿ.”

“ಪೂಜೆ ಮುಗಿದ್ಮೇಲೆ ಎಂತ ಕೊಡ್ತಾರೆ?”

“ಪಂಚಾಮೃತ,” ಎಂದ ಶ್ಯಾಮ. ಹೇಳಿ ಮುಗಿಸಿದ ಮೇಲೆ ಅವನ ಬಾಯಿ ತೆರೆದೇ ಉಳಿಯಿತು.

ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ನಾಲ್ಕು ವರ್ಷ, ವಾರಕ್ಕೊಂದು ಸೌಟು, ಎಂಜಿನ್ನಿನ ಹೊಟ್ಟೆಗೆ. ಸಕ್ಕರೆ ಕಾದು ಅಂಟಾಗಿ, ಚೈನಿಗೆ ಎಣ್ಣೆ ಹೋಗುವ ಸಣ್ಣ ದಾರಿಗಳನ್ನೆಲ್ಲ ಕಟ್ಟಿತ್ತು. ಎಣ್ಣೆಯಿಲ್ಲದೆ ಚೈನು ಸವೆದಿತ್ತು. ಜಟ್ಟಿಂಗಪ್ಪ ಆ ರಾಡಿಯನ್ನು ಒಂದು ಹಳೆಯ ತಗಡಿನ ಡಬ್ಬಿಗೆ ಸುರಿದು ಪಕ್ಕಕ್ಕಿಟ್ಟ.

ಸದ್ದು ಕೇಳಿದಾಗಲೇ ಬರೆದು ತರಿಸಿದ್ದ ಹೊಸ ಚೈನುಗಳು ಮುಂಬಯಿಯಿಂದ ಪಾರ್ಸೆಲಿನಲ್ಲಿ ಬರಲು ಎರಡು ತಿಂಗಳು ಹಿಡಿದಿತ್ತು. ನಾಲ್ಕು ದಿನ ಅವನು ಬೇರೆ ಗಾಡಿ ಮುಟ್ಟಲಿಲ್ಲ. ಸಣ್ಣ ದಾರಿಗಳಿಗೆ ತಂತಿ ತೂರಿಸಿ, ಬಿಸಿ ನೀರು, ಸೀಮೆಎಣ್ಣೆ, ಮತ್ತೆ ಬಿಸಿ ನೀರು. ಮನೆಗೆ ಹೋದರೆ ಹೆಂಡತಿ ಬಚ್ಚಲಿಗೆ ಅಟ್ಟುತ್ತಿದ್ದಳು, ಮೈ ತಿಕ್ಕಿ ಬಂದರೂ ಊಟದ ತಟ್ಟೆಯಲ್ಲಿ ಅದೇ ವಾಸನೆ. ಮಜ್ಜಿಗೆ ಕಂಡರೆ ಓಕರಿಕೆ ಬರುತ್ತಿತ್ತು. ಆದರೂ ಕೆಲಸ ಮಾತ್ರ ಅಚ್ಚುಕಟ್ಟು. ಹಲ್ಲುಚಕ್ರಗಳ ಗುರುತಿಗೆ ಗುರುತು ಕೂಡಿಸಿ, ಕೆಳಗಿನ ಚೈನು ಹಾಕಿ, ಮೇಲಿನದನ್ನು ಹಾಕಿ, ಕೈಯಿಂದಲೇ ಎಂಜಿನ್ನನ್ನು ಎರಡು ಸುತ್ತು ತಿರುಗಿಸಿ, ಗುರುತು ಕೂದಲೆಳೆಯಷ್ಟೂ ಸರಿದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮುಚ್ಚಳ ಬಿಗಿದ. ಅಂಥ ಎಂಜಿನ್ನು ಅಂಥ ಜನರ ಕೈಗೆ ಸಿಕ್ಕಿತಲ್ಲ ಎಂದು ಉದ್ದಕ್ಕೂ ಗೊಣಗುತ್ತಿದ್ದ.

ಐದನೆಯ ದಿನ ಬೆಳಗಿನ ಬಸ್ಸಿಗೆ ಮುಕುಂದಯ್ಯ ತಾಯಿಯನ್ನು ಕರೆದುಕೊಂಡು ಬಂದರು; ಕಾರನ್ನು ಆಮೇಲೆ ಜಟ್ಟಿಂಗಪ್ಪನೇ ಊರಿಗೆ ತಲುಪಿಸುವುದೆಂದಿತ್ತು. ಎಪ್ಪತ್ತು ದಾಟಿದ ಯಮುನಮ್ಮನ ಕೈಯಲ್ಲಿ ಬಟ್ಟೆ ಕಟ್ಟಿದ ಬೆಳ್ಳಿಯ ಪಾತ್ರೆ. ಶೆಡ್ಡಿನಲ್ಲಿ ಅಣೆಕಟ್ಟಿನ ಲಾರಿಯ ಮೂವರು ಪಂಚರ್ ಹಾಕಿಸುತ್ತ ಕೂತಿದ್ದರು. ಅವರೊಟ್ಟಿಗೆ ಶ್ಯಾಮನೂ ಇದ್ದ. ಮುಕುಂದಯ್ಯ ಅವನತ್ತ ತಿರುಗಿಯೂ ನೋಡಲಿಲ್ಲ.

ಜಟ್ಟಿಂಗಪ್ಪ ಕಾರು ಚಾಲೂ ಮಾಡಿದ. ಒಂದೂ ಅಪಸ್ವರವಿಲ್ಲ. ಲಾರಿಯವರು ಕೂಡ ತಲೆಯಾಡಿಸಿದರು.

“ಸೈ! ಕಳ್ಳನ ಕೈಗೆ ಕೊಟ್ಟು ಹಾಳಾಗಿತ್ತು ನೋಡು,” ಎಂದರು ಮುಕುಂದಯ್ಯ, ಎಲ್ಲರಿಗೂ ಕೇಳುವಂತೆ. “ಬಂದ್ ಮಾಡು. ಅಮ್ಮ ಪೂಜೆ ಮಾಡ್ತಾಳೆ.”

ಯಮುನಮ್ಮ ಎಂಜಿನ್ನಿಗೆ ಕುಂಕುಮವಿಟ್ಟರು, ಹೂವೇರಿಸಿದರು. ಆಮೇಲೆ ಪಳಗಿದ ಕೈಯಿಂದ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು ಬೆಳ್ಳಿ ಪಾತ್ರೆ ಎತ್ತಿದರು. ಜಟ್ಟಿಂಗಪ್ಪ ಹಾರಿ ಬಂದ. ಮಡಿವಂತ ಮುದುಕಿಯನ್ನು ಮುಟ್ಟುವ ಹಾಗಿಲ್ಲ, ಎಂಜಿನ್ನಿನ ಬಾಯಿಗೇ ಅಂಗೈ ಅಡ್ಡ ಹಿಡಿದ. ಪಂಚಾಮೃತ ಅವನ ಕೈಮೇಲೆ ಚೆಲ್ಲಿತು.

“ಬೇಡಮ್ಮಾ! ಇದರಿಂದಲೇ ಚೈನು ಹೋಗಿದ್ದು. ಒಳಗೆಲ್ಲ ತುಳಸಿ, ಏಲಕ್ಕಿ ಸಿಪ್ಪೆ. ಶ್ಯಾಮ ಎಂತದೂ ಮಾಡಿಲ್ಲ.”

ಯಮುನಮ್ಮ ಪಾತ್ರೆ ಹಿಡಿದುಕೊಂಡೇ ಕಣ್ಣು ಕಿರಿದು ಮಾಡಿದರು. “ಶ್ಯಾಮ ಎಣ್ಣೆ ಹಾಕೋ ಬಾಯಿಗೇ ಹಾಕಿದೀನಲ್ಲ ಮಾರಾಯ. ಇದಕ್ಕೆ ಬೇರೆ ಬಾಯಿ ಎಲ್ಲಿದೆ?” ಆಮೇಲೆ ಮಗನತ್ತ ತಿರುಗಿ ಮೆಲ್ಲಗೆ ಕೇಳಿದರು. “ಹಾಗಾರೆ ಕೆಡಿಸಿದ್ದು ನಾನೇನಾ, ಮುಕುಂದ?”

ಅಲ್ಲಿಗೆ ಮುಗಿಯಬೇಕಿತ್ತು. ತಿಳಿಯದೆ ಆದ ತಪ್ಪು, ಒಪ್ಪಿಕೊಂಡರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಮುಕುಂದಯ್ಯ ಎರಡು ತಿಂಗಳು ಊರೆಲ್ಲ ಡಂಗುರ ಹೊಡೆದಿದ್ದರು, ಮೂವರು ಲಾರಿಯವರು ಕಿವಿ ನಿಮಿರಿಸಿ ಕೂತಿದ್ದರು.

“ನೀ ಸುಮ್ನಿರಮ್ಮ,” ಎಂದರು. “ದೇವರ ಪಂಚಾಮೃತದಿಂದ ಕೇಡಾಗ್ತದೆ ಅಂತ ಹೇಳಕ್ಕೆ ಇವನ್ಯಾರು? ಪ್ರಸಾದಕ್ಕೆ ದೋಷ ಇಲ್ಲ. ಕೆಡಿಸಿದ್ದು ಆ ಕಳ್ಳನೇ.”

ಜಟ್ಟಿಂಗಪ್ಪನಿಗೆ ನೆತ್ತಿಗೇರಿತು. ತಗಡಿನ ಡಬ್ಬಿ ತಂದು ಅವರ ಮೂಗಿನ ಕೆಳಗೇ ಹಿಡಿದ. “ಇದರಲ್ಲಿ ಇರದು ಅಮ್ಮ ಹಾಕಿದ ಪ್ರಸಾದ, ಅಯ್ಯಾ. ದೋಷ ಇಲ್ಲ ಅಂದ್ರೆ ತಗಳಿ.”

ನೊಣವೊಂದು ಡಬ್ಬಿಯ ಅಂಚಿಗೆ ಬಂದು ಕೂತಿತು. ಮುಕುಂದಯ್ಯನವರಿಗೆ ತಪ್ಪಿಸಿಕೊಳ್ಳುವ ದಾರಿ ಇತ್ತು. ನೀನು ಮುಟ್ಟಿದ್ದು ನನಗೆ ಸಲ್ಲದು ಎಂದರೆ ಆಗಿತ್ತು. ಅವರು ಹಾಗೆ ಅನ್ನುತ್ತಾರೆಂದೇ ಜಟ್ಟಿಂಗಪ್ಪನೂ ಎಣಿಸಿದ್ದ. ಆದರೆ ಅವರ ಕಣ್ಣು ಲಾರಿಯವರ ಮೇಲೆ ಹೋಯಿತು, ಅವರಲ್ಲೊಬ್ಬ ಸಣ್ಣಗೆ ನಗುತ್ತಿದ್ದ. ಮುಕುಂದಯ್ಯ ಬಲಗೈಯ ನಾಲ್ಕೂ ಬೆರಳನ್ನು ಡಬ್ಬಿಗೆ ಅದ್ದಿ ರಾಡಿಯನ್ನು ಅಂಗೈಗೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು.

ಗಂಟಲು ಒಮ್ಮೆ ನಿಂತಿತು, ಮತ್ತೆ ಇಳಿಯಿತು. ಉಳಿದದ್ದನ್ನು ತೀರ್ಥ ತೆಗೆದುಕೊಂಡವರ ಹಾಗೆ ತಲೆಗೆ ಒರೆಸಿಕೊಂಡರು. ಬಿಳಿಗೂದಲಿನ ಮೇಲೆ ಕರಿ ಪಟ್ಟೆ ಬಿತ್ತು. ಗಲ್ಲದ ಮೇಲೆ ಎಳೆಯೊಂದು ಜೋತಾಡುತ್ತಿತ್ತು.

“ನೋಡಿದ್ಯಾ? ನಂಗೆಂತೂ ಆಗ್ಲಿಲ್ಲ,” ಎಂದರು. ಹಲ್ಲು ಕಪ್ಪಗಾಗಿತ್ತು. “ಪ್ರಸಾದವೇ. ಕಳ್ಳ ಅವನೇ.”

ನಗುತ್ತಿದ್ದವನು ಮುಖ ತಿರುಗಿಸಿದ. ಇಪ್ಪತ್ತೆರಡು ವರ್ಷದಲ್ಲಿ ಯಾವ ಎಂಜಿನ್ನೂ ಜಟ್ಟಿಂಗಪ್ಪನಿಗೆ ಇಷ್ಟು ಹೇಸಿಗೆ ಹುಟ್ಟಿಸಿರಲಿಲ್ಲ. ಬಡವನೊಬ್ಬನನ್ನು ಕಳ್ಳನೆಂದೇ ಉಳಿಸಲು ಈ ಮನುಷ್ಯ ಏನನ್ನು ಬೇಕಾದರೂ ನುಂಗುತ್ತಾನೆ. ಶ್ಯಾಮ ನೆಲ ನೋಡುತ್ತ ನಿಂತಿದ್ದ.

ಜಟ್ಟಿಂಗಪ್ಪ ಕಾರಿನತ್ತ ತಿರುಗಿದ. “ಆಯ್ತು ಅಯ್ಯಾ. ನಿಮಗೆ ಆದದ್ದು ಕಾರಿಗೂ ಆಗ್ತದೆ. ಪ್ರಸಾದ ಹಾಳು ಮಾಡೋದು ಬೇಡ,” ಎಂದು ಡಬ್ಬಿಯನ್ನು ಎಂಜಿನ್ನಿನ ತೆರೆದ ಬಾಯಿಗೆ ಬಗ್ಗಿಸಿದ.

“ಏಯ್! ಬೇಡ! ಹಾಕ್ಬೇಡ್ವೋ, ಹಾಳಾಗಿ ಹೋಗ್ತದೆ!”

ಶೆಡ್ಡು ಹಾರಿಹೋಗುವಂತೆ ಕಿರಿಚಿ ಮುಕುಂದಯ್ಯ ಅವನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದಿದ್ದರು. ಮಡಿಯಿಲ್ಲ, ಮೈಲಿಗೆಯಿಲ್ಲ. ತನ್ನ ಬಾಯಿಗೆ ಹಾಕಿಕೊಂಡದ್ದನ್ನು ಕಾರಿನ ಬಾಯಿಗೆ ಹಾಕಲು ಬಿಡಲಿಲ್ಲ.

ಯಮುನಮ್ಮ ಬೆಳ್ಳಿ ಪಾತ್ರೆಗೆ ಮತ್ತೆ ಬಟ್ಟೆ ಕಟ್ಟಿದರು.

“ಹಾಳಾಗ್ತದೆ ಅಂತ ನಿನ್ನ ಬಾಯಲ್ಲೇ ಬಂತಲ್ಲ ಮುಕುಂದ. ಆ ಶ್ಯಾಮನಿಗೆ ಎಂತ ಬೇಕೋ ಬರೆದು ಕೊಡು.”

ಜಟ್ಟಿಂಗಪ್ಪ ಕಾಗದ, ಪೆನ್ಸಿಲು ತಂದಿಟ್ಟ. ಮುಕುಂದಯ್ಯ ಕಾರಿನ ಮೂತಿಯ ಮೇಲೆ ಕಾಗದವಿಟ್ಟು ನಾಲ್ಕು ಸಾಲು ಗೀಚಿ, ಯಾರ ಮುಖವನ್ನೂ ನೋಡದೆ ಚಾಚಿದರು. ಶ್ಯಾಮ ತೆಗೆದುಕೊಳ್ಳಲಿಲ್ಲ.

“ಕಳ್ಳ ಅಂತ ಊರಿಗೆಲ್ಲ ಬಾಯಲ್ಲಿ ಹೇಳಿದ್ರಿ. ಇದನ್ನೂ ಬಾಯಲ್ಲೇ ಓದಿ ಅಯ್ಯಾ.”

ಮುಕುಂದಯ್ಯ ತಾಯಿಯತ್ತ ನೋಡಿದರು. ತಾಯಿ ಕಾಯುತ್ತಿದ್ದರು. ಗಂಟಲು ಸರಿಮಾಡಿಕೊಂಡು, ಒಮ್ಮೆ ತೇಗಿ, ಆ ಕರಿ ಹಲ್ಲುಗಳ ನಡುವಿನಿಂದ ಓದಿದರು: ಈ ಶ್ಯಾಮ ಎಂಬುವನು ನಮ್ಮಲ್ಲಿ ನಾಲ್ಕು ವರ್ಷ ಪ್ರಾಮಾಣಿಕನಾಗಿ ಕೆಲಸ ಮಾಡಿರುತ್ತಾನೆ.

“ಇನ್ನೊಂದ್ಸಲ,” ಎಂದ ಶ್ಯಾಮ. “ಲಾರಿಯವರಿಗೆ ಕೇಳಿಲ್ಲ.”