ಅಣ್ಣನಿಗೆ ಕೇಳಿಸದ ದನಿ

ಕರೆದರೂ ಓ ಅನ್ನದವರು ಪ್ರತಿ ಬೀದಿಯಲ್ಲೂ ಒಬ್ಬರು ಇರ್ತಾರೆ. ನಮ್ಮ ಬೀದಿಯಲ್ಲಿ ಅದು ನಮ್ಮಣ್ಣ. ಜನ ಅವನಿಗೆ ‘ಸೊಕ್ಕಿನ ಸಿಪಾಯಿ’ ಅಂತ ಹೆಸರಿಟ್ಟಿದ್ರು. ನಾನೂ ಬೇಡ ಅನ್ನಲಿಲ್ಲ.

ಅಣ್ಣ ಒಂಬತ್ತು ವರ್ಷ ಸೈನ್ಯದಲ್ಲಿದ್ದ. ಫಿರಂಗಿಗೆ ಗುಂಡು ತುಂಬೋ ಕೆಲಸ. ಅದರಲ್ಲಿ ಹದಿನಾಲ್ಕು ತಿಂಗಳು ಯುದ್ಧದಲ್ಲೇ ಕಳೆದ. ವಾಪಸ್ ಬಂದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಕುರ್ಚಿ ರಿಪೇರಿ ಅಂಗಡಿ ಇಟ್ಟ. ನಾನು ಹಿಂದಿನ ಬೀದಿಯ ಇಸ್ತ್ರಿ ಅಂಗಡಿಯಲ್ಲಿ ದುಡೀತೀನಿ. ಹಾಗಾಗಿ ಹಗಲಲ್ಲಿ ಅಮ್ಮನನ್ನು ನೋಡಿಕೊಳ್ಳೋದು ಅವನ ಪಾಲಿಗೆ ಬಂತು.

ಒಂದು ಮಧ್ಯಾಹ್ನ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟ ಮುರೀತು. ಮಗನ ಹೆಸರು ಹಿಡಿದು ಕೂಗಿದಳು. ಬಚ್ಚಲಿಗೂ ಮುಂದಿನ ಕೋಣೆಗೂ ಹತ್ತೇ ಹೆಜ್ಜೆ. ಮೂರು ಗಂಟೆಗೆ ನಾನು ಮನೆಗೆ ಬಂದಾಗ ಅಮ್ಮ ಒದ್ದೆ ನೆಲದ ಮೇಲಿದ್ದಳು. ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ಅಣ್ಣ ಕುರ್ಚಿ ಕಾಲಿಗೆ ಅಂಟು ಹಚ್ಚುತ್ತಾ ಕೂತಿದ್ದ. ಅಮ್ಮ ಮತ್ತೆ ಹಾಸಿಗೆಯಿಂದ ಏಳಲಿಲ್ಲ. ನಲವತ್ತು ದಿನಕ್ಕೆ ಹೋಗಿಬಿಟ್ಟಳು.

ಅವನಿಗೆ ಅನ್ನಬಾರದ ಮಾತೆಲ್ಲ ಅಂದೆ. ಕೇಳಿಸಲಿಲ್ಲ ಅಂತ ಒಂದೇ ಒಂದು ಸಲ ಹೇಳಿದ. ಬೇಕಾದಾಗ ಕೇಳಿಸುತ್ತೆ, ಬೇಡವಾದಾಗ ಕೇಳಿಸಲ್ಲ ಅಲ್ವಾ ಅಂದೆ. ಆಮೇಲೆ ಮೂರು ವರ್ಷ ಒಂದೇ ಸೂರಿನ ಕೆಳಗಿದ್ದೂ ಮಾತಿಲ್ಲ, ಕತೆಯಿಲ್ಲ. ತಟ್ಟೆ ಇಡ್ತಿದ್ದೆ, ಎದ್ದು ಹೋಗ್ತಿದ್ದೆ.

ನಮ್ಮ ವಾರ್ಡಿನ ನರ್ಸಕ್ಕ ಬಿಪಿ ನೋಡೋಕೆ ಇಸ್ತ್ರಿ ಅಂಗಡಿಗೂ ಬರ್ತಾರೆ. ಒಂದು ಸಲ ನನ್ನ ಬಿಪಿ ಏರಿತ್ತು. ಏನಮ್ಮಾ ಅಷ್ಟು ಚಿಂತೆ ಅಂತ ಕೇಳಿದರು. ಹೊಟ್ಟೆಯಲ್ಲಿದ್ದದ್ದೆಲ್ಲ ಕಕ್ಕಿಬಿಟ್ಟೆ. ಸೈನ್ಯದಲ್ಲಿ ಅವನ ಕೆಲಸ ಏನಿತ್ತು ಅಂತ ವಿಚಾರಿಸಿದರು. ಹೇಳಿದೆ. ಹಾಗಾದರೆ ಕಿವಿ ಹೋಗಿರಬಹುದು ಅಂದರು. ನನಗೆ ನಗು ಬಂತು.

“ಮರದ ಅಂಗಡಿಯವರ ಜೊತೆ ಗಂಟೆಗಟ್ಟಲೆ ಹರಟೆ ಹೊಡೀತಾನೆ ಅಕ್ಕಾ. ಅವರ ಮಾತು ಕೇಳುತ್ತೆ, ಅಮ್ಮಂದು ಮಾತ್ರ ಕೇಳಲ್ವಾ?”

“ಅವರದು ದಪ್ಪ ದನಿ, ಎದುರಿಗೇ ಕೂತಿರ್ತಾರೆ. ದೊಡ್ಡ ಸದ್ದು ಬಿದ್ದು ಬಿದ್ದು ಕಿವಿ ಕೆಟ್ಟಾಗ ಮೊದಲು ಹೋಗೋದು ಸಣ್ಣ ದನಿ ಕಣಮ್ಮಾ. ಹೆಂಗಸರದು, ಮಕ್ಕಳದು.”

ಇಸ್ತ್ರಿಪೆಟ್ಟಿಗೆ ನನ್ನ ಕೈಯಲ್ಲೇ ಇತ್ತು. ಕೆಳಗಿದ್ದ ಅಂಗಿ ಸುಟ್ಟುಹೋಯಿತು.

ಮಾರನೇ ದಿನ ನರ್ಸಕ್ಕ ಮನೆಗೆ ಬಂದು, ಅಣ್ಣನ ಬೆನ್ನ ಹಿಂದೆ ನಿಂತು ಮೂರು ಸಲ ಕರೆದರು. ಅವನು ಮೊಳೆ ಹೊಡೆಯೋದು ನಿಲ್ಲಿಸಿ, ಇನ್ನೊಂದು ಮೊಳೆ ಹುಡುಕಿದ. ತಿರುಗಲಿಲ್ಲ. ಆಸ್ಪತ್ರೆಗೆ ಬನ್ನಿ ಅಂದರೆ, ಈ ವಯಸ್ಸಿಗೇ ಕಿವುಡ ಅನ್ನಿಸಿಕೊಳ್ಳಲಾ ಅಂತ ಹಟ ಹಿಡಿದ. ಎರಡು ವಾರ ಬಿಡದೆ ಬೆನ್ನು ಹತ್ತಿ ಕೊನೆಗೂ ಹೊರಡಿಸಿದರು.

ದೊಡ್ಡಾಸ್ಪತ್ರೆಯಲ್ಲಿ ಅವನನ್ನು ಗಾಜಿನ ಕೋಣೆಯೊಳಗೆ ಕೂರಿಸಿದರು. ಶಬ್ದ ಕೇಳಿದಾಗ ಕೈ ಎತ್ತಬೇಕು, ಅಷ್ಟೇ. ದಪ್ಪ ಶಬ್ದಕ್ಕೆ ಎತ್ತಿದ. ಆಮೇಲೆ ಪರೀಕ್ಷೆ ಮಾಡೋ ಹುಡುಗಿ ಸಣ್ಣ ಶಬ್ದದ ಒಂದೊಂದೇ ಗುಂಡಿ ಒತ್ತುತ್ತಾ ಹೋದಳು. ಅಣ್ಣನ ಕೈ ತೊಡೆ ಮೇಲಿಂದ ಏಳಲೇ ಇಲ್ಲ. ಕಿವಿಯೊಳಗೆ ಶಬ್ದ ಹಿಡಿಯೋ ಸಣ್ಣ ರೋಮ ಸತ್ತುಹೋಗಿದೆ, ಮತ್ತೆ ಚಿಗುರೋದಲ್ಲ, ಯಂತ್ರ ಹಾಕಿದರೆ ಸ್ವಲ್ಪ ಅನುಕೂಲ ಅಂದರು ಡಾಕ್ಟರು. ಹಗಲೂ ರಾತ್ರಿ ಕಿವಿಯಲ್ಲಿ ಗುಂಯ್ ಅನ್ನುತ್ತಾ ಅಂತ ಕೇಳಿದಾಗ, ಯುದ್ಧದಿಂದಲೂ ಅನ್ನುತ್ತೆ ಅಂದ. ನನಗೆ ಅದೂ ಗೊತ್ತಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಅವನ ಎದುರು ಕೂತು, ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

“ಸೈನ್ಯ ಬಿಟ್ಟು ಬರುವಾಗ ಫಾರಂ ಕೊಟ್ಟಿದ್ರು. ಏನಾದ್ರೂ ತೊಂದರೆ ಇದೆಯಾ ಅಂತ. ಇದೆ ಅಂದವರನ್ನ ತಪಾಸಣೆಗೆ ಹದಿನೈದು ದಿನ ಉಳಿಸಿಕೊಳ್ತಿದ್ರು. ನಂಗೆ ಅಮ್ಮನ್ನ ನೋಡಬೇಕಿತ್ತು. ಇಲ್ಲ ಅಂತ ಬರೆದೆ.”

ಈಗ ಕಿವಿಗೆ ಪರಿಹಾರ ಕೇಳಿದರೆ ಸೈನ್ಯದ ಪಿಂಚಣಿ ಕಚೇರಿಯವರು ಅದೇ ಕಾಗದ ತೋರಿಸಿ, ನೀವೇ ಇಲ್ಲ ಅಂದಿದ್ದೀರಲ್ಲ ಅಂತಾರೆ. ಅವನ ಕಿವಿ ಎಲ್ಲಿ ಹೋಯಿತು ಅನ್ನೋದಕ್ಕೆ ಅವರಿಗೆ ಸಾಕ್ಷಿ ಬೇಕಂತೆ. ನರ್ಸಕ್ಕನ ನೆರವಿನಿಂದ ಮತ್ತೆ ಅರ್ಜಿ ಹಾಕಿದ್ದೀವಿ. ಏಳು ತಿಂಗಳಾಯಿತು. ಯಂತ್ರವನ್ನ ನಾವೇ ದುಡ್ಡು ಹಾಕಿ ತಂದೆವು.

ಅಣ್ಣ ಅದನ್ನು ಹಾಕಿಕೊಂಡ ದಿನ ನಾನು ತಪ್ಪಾಯಿತು ಅಂದೆ.

“ಅಮ್ಮ ಎಷ್ಟು ಹೊತ್ತು ಕೂಗಿದಳು?” ಅಂತ ಕೇಳಿದ.

ಗೊತ್ತಿಲ್ಲ ಅಂದೆ. ಗೊತ್ತಿತ್ತು. ಅಮ್ಮ ಹೇಳಿದ್ದಳು.

ಇದನ್ನು ಓದ್ತಿರೋ, ಕೇಳ್ತಿರೋ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಗೆ ಯಾರಾದರೂ ಸೈನ್ಯದಿಂದ ಬಂದಿದ್ದರೆ ಕೈಕಾಲು ನೆಟ್ಟಗಿವೆ ಅಂತ ಸುಮ್ಮನಾಗಬೇಡಿ. ಹಿಂದಿನಿಂದ ಮೆಲ್ಲಗೆ ಕರೆದು ನೋಡಿ. ಮಂಡಿ, ಬೆನ್ನು, ಉಸಿರು ಹೇಗಿದೆ ಅಂತ ಕೇಳಿ. ಡಾಕ್ಟರ ಹತ್ತಿರ ಹೋದಾಗ, ಯುದ್ಧದಲ್ಲಿ ಏನು ಕೆಲಸ ಮಾಡ್ತಿದ್ರು ಅನ್ನೋದನ್ನ ಅವರು ಕೇಳದಿದ್ದರೂ ನೀವೇ ಹೇಳಿ. ಇನ್ನೂ ಸೇವೆಯಲ್ಲಿ ಇರೋರೇ, ಕಿವಿಗೆ ಕೊಟ್ಟ ಮುಚ್ಚಳ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ನೋವು ಇದ್ದರೆ ಕಾಗದದ ಮೇಲೆ ಇದೆ ಅಂತಲೇ ಬರೆಸಿ, ಅದರ ನಕಲು ಇಟ್ಟುಕೊಳ್ಳಿ. ಹದಿನೈದು ದಿನ ತಡವಾದರೆ ಆಗಲಿ. ನಾವು ಕಾಯ್ತೀವಿ.